ಹೊಸಲಾಚೆ ಉಕ್ಕಿದ ಹಾಲು

ಮೊನ್ನೆ ಭಾನುವಾರ ಅಕ್ಕನ ಮಗಳು ರಮ್ಯಳ ಜೊತೆ ಅವಳ ಹೊಸ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅವಳಿಗೆ ನಂಜನಗೂಡಿನಲ್ಲೇ ಕೆಲಸ ಸಿಕ್ಕಿದೆ, ಮನೆ ನಮ್ಮ ಬೀದಿಯಿಂದ ಮೂರು ಬೀದಿ ಆಚೆ. ಬೀಗ ತೆಗೆದು ಬಾಗಿಲು ತಳ್ಳಿದ ಕೂಡಲೇ ಹೊಸ ಸುಣ್ಣದ ವಾಸನೆ, ಫಿನಾಯಿಲಿನ ವಾಸನೆ, ವಾರಗಟ್ಟಲೆ ಮುಚ್ಚಿಟ್ಟ ಗಾಳಿಯ ವಾಸನೆ ಎಲ್ಲಾ ಒಟ್ಟಿಗೆ ಬಂದು ಮುಖಕ್ಕೆ ಬಡಿಯಿತು. ಸಾಮಾನಿಲ್ಲದ ಮನೆಗೆ ಮಾತ್ರ ಇರುವ ವಾಸನೆ ಅದು. ನಾಲ್ಕು ದಿನ ಒಗ್ಗರಣೆ ಹಾಕಿದರೆ ಹೊರಟುಹೋಗುತ್ತದೆ. ನನ್ನ ಮೂಗಿನಿಂದ ಮಾತ್ರ ಹನ್ನೊಂದು ವರ್ಷವಾದರೂ ಹೋಗಿರಲಿಲ್ಲ ಅಂತ ಅವತ್ತು ಗೊತ್ತಾಯಿತು.

ರಮ್ಯ ಫೋನು ತೆಗೆದು ಒಂದು ಪಟ್ಟಿ ತೋರಿಸಿದಳು. ಹೊಸ ಮನೆಯ ಮೊದಲ ವಾರಕ್ಕೆ ಇರಲೇಬೇಕಾದ ವಸ್ತುಗಳಂತೆ. ಬೆರಳಿನಿಂದ ತಳ್ಳಿದಷ್ಟೂ ಉದ್ದ. ಚಪ್ಪಲಿ ಸ್ಟ್ಯಾಂಡು, ಪರದೆಯ ಬಣ್ಣಕ್ಕೆ ಹೊಂದುವ ಕಾಲೊರಸು, ಮೊಟ್ಟೆ ಕಲಕುವ ಯಂತ್ರ, ಪರಿಮಳದ ಮೇಣದಬತ್ತಿ. ನಮ್ಮದು ಲಿಂಗ ಕಟ್ಟುವ ಮನೆ, ಮೊಟ್ಟೆ ಹೊಸಲು ದಾಟುವುದಿಲ್ಲ. ಪಟ್ಟಿ ಮಾಡಿದ ಪುಣ್ಯಾತ್ಮನಿಗೆ ಅದು ಹೇಗೆ ಗೊತ್ತಾಗಬೇಕು.

‘ಚಿಕ್ಕಮ್ಮ, ಇದ್ರಲ್ಲಿ ಮೊದಲು ಯಾವ್ದು ತಗೊಳ್ಲಿ?’ ಅಂದಳು.

‘ಬಲ್ಬು’ ಅಂದೆ. ತಲೆ ಎತ್ತಿ ನೋಡಿದಳು. ಸೂರಿನಲ್ಲಿ ಬರೀ ಹೋಲ್ಡರು ನೇತಾಡುತ್ತಿತ್ತು. ಬಲ್ಬು ಅವಳ ಪಟ್ಟಿಯಲ್ಲಿ ಇರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆಷಾಢದಲ್ಲಿ ನನಗೂ ಯಾರೂ ಬಲ್ಬಿನ ವಿಷಯ ಹೇಳಿರಲಿಲ್ಲ. ಹೇಳುವವರಿಗೇನೂ ಕಡಿಮೆ ಇರಲಿಲ್ಲ. ಆಗ ನನಗೆ ಮದುವೆಯಾಗಿ ಎರಡು ವರ್ಷ. ಗಂಡನ ಮನೆ ಟಿ. ನರಸೀಪುರ. ಬೀಜ, ಗೊಬ್ಬರ, ಔಷಧಿಯ ಅಂಗಡಿ ಇಟ್ಟುಕೊಂಡ ಜನ, ಊರಲ್ಲಿ ಮರ್ಯಾದಸ್ಥರು ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ನನಗೆ ಪ್ರೈಮರಿ ಶಾಲೆ ಟೀಚರ್ ಕೆಲಸದ ಆರ್ಡರ್ ಬಂತು. ದೇವನೂರು ಬಸ್ಸು ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಟಿ. ನರಸೀಪುರದಿಂದ ದಿನಾ ಎರಡು ಬಸ್ಸು ಬದಲಾಯಿಸಿ ಬೆಳಗ್ಗೆ ಬೆಲ್ಲಿಗೆ ಮುಂಚೆ ತಲುಪುವುದು ಆಗದ ಮಾತು. ಅದಕ್ಕೇ ನಂಜನಗೂಡಿನಲ್ಲಿ ಒಂದು ಸಣ್ಣ ಮನೆ ನೋಡಿದೆವು.

ನಮ್ಮ ಯಜಮಾನರ ಹೆಸರು ಮಹದೇವಸ್ವಾಮಿ. ಒಳ್ಳೆಯವರು. ಅಂಗಡಿಯಲ್ಲಿ ರೈತರು ಬಂದು ಎಲೆ ತೋರಿಸಿದರೆ ಯಾವ ಹುಳ, ಯಾವ ಔಷಧಿ ಅಂತ ಕ್ಷಣದಲ್ಲಿ ಹೇಳುತ್ತಾರೆ. ಮನೆಗೆ ಬಂದರೆ ಮಾತ್ರ ಬಾಯಲ್ಲಿ ಒಂದೇ ಮಾತು, ‘ಅವ್ವನ್ನ ಕೇಳ್ತೀನಿ ಇರು.’ ಟೀ ಕುಡಿಯಲೋ ಬೇಡವೋ ಅನ್ನುವುದನ್ನೂ ಅವ್ವನನ್ನು ಕೇಳುವ ಗಂಡಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವ್ವ ಅಂದರೆ ನಮ್ಮ ಅತ್ತೆ. ಅತ್ತೆ ಕ್ಯಾಲೆಂಡರ್ ನೋಡಿ, ‘ಬುಧವಾರ ಕಳುದ್ರೆ ಆಷಾಢ ಹತ್ಕತದೆ. ಅಷ್ಟ್ರೊಳ್ಗೆ ಹೋಗಿ ಹಾಲುಕ್ಕಿಸ್ಬಿಟ್ಟು ಬನ್ನಿ, ಆಮೇಲೆ ಯಾವಾಗ್ ಬೇಕಾದ್ರೂ ಸಾಮಾನು ತಗೊಂಡೋಗಿ’ ಅಂದರು. ಇದು ನಮ್ಮ ಕಡೆ ಎಲ್ಲರೂ ಮಾಡುವ ಉಪಾಯ. ಆಷಾಢದಲ್ಲಿ ಹೊಸ ಮನೆ ಸೇರಬಾರದು. ಆದರೆ ಅದಕ್ಕೆ ಮುಂಚೆ ಹೋಗಿ ಒಲೆ ಹಚ್ಚಿ ಹಾಲು ಉಕ್ಕಿಸಿಬಿಟ್ಟರೆ ಆಗಲೇ ಸೇರಿದ ಲೆಕ್ಕ. ದೇವರ ಕಣ್ಣಿಗೆ ಮಣ್ಣೆರಚುವ ವಿದ್ಯೆಯಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ.

ಮಂಡಿ ನೋವು ಅಂತ ಅತ್ತೆ ಬರಲಿಲ್ಲ. ಸಣ್ಣ ಸಿಲಿಂಡರಿನ ಒಂಟಿ ಒಲೆ, ಒಂದು ದೇವರ ಫೋಟೋ, ಅರಿಸಿನ ಕುಂಕುಮ, ಮತ್ತೆ ಒಂದು ಪುಟ್ಟ ಸ್ಟೀಲ್ ಪಾತ್ರೆ ಕೊಟ್ಟು ಕಳಿಸಿದರು. ಪಾತ್ರೆ ಅರ್ಧ ಲೀಟರೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ‘ಸಣ್ಣದಾದ್ರೆ ಬೇಗ ಉಕ್ಕತದೆ’ ಅಂದರು. ಹೋಗಿ ನೋಡಿದರೆ ಹಳೆ ಬಾಡಿಗೆಯವರು ಇನ್ನೂ ಮನೆ ಖಾಲಿ ಮಾಡಿರಲಿಲ್ಲ. ಆ ಹೆಂಗಸು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಲ್ಲಿ ಅಡ್ಡ ನಿಂತು, ‘ನಾವಿನ್ನೂ ಇದ್ದೀವಲ್ಲ, ನಮ್ಮನೇಲಿ ನೀವು ಹೆಂಗೆ ಹಾಲುಕ್ಕಿಸ್ತೀರಿ?’ ಅಂದಳು. ಅವಳ ಮಾತಲ್ಲೂ ನ್ಯಾಯ ಇತ್ತು. ಯಜಮಾನರು ಫೋನ್ ತೆಗೆದು ಅವ್ವನನ್ನು ಕೇಳಲು ಹೋದರು, ಅವ್ವ ಫೋನ್ ಎತ್ತಲಿಲ್ಲ. ಕೊನೆಗೆ ನಾನೇ ಜಗಲಿಯ ಮೇಲೆ ಒಲೆ ಇಟ್ಟು ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ಮೂರನೇ ಸಲ ಹಾಲು ಉಕ್ಕಿ ಜಗಲಿಯಿಂದ ಬೀದಿಗೆ ಇಳಿಯಿತು. ಒಲೆಯನ್ನೂ ಪಾತ್ರೆಯನ್ನೂ ಮನೆಯ ಓನರ್ ಚಿಕ್ಕತಾಯಮ್ಮನ ಮೆಟ್ಟಿಲ ಕೆಳಗೆ ಇಟ್ಟು, ದೇವರನ್ನು ವಾಪಸ್ಸು ಹೊತ್ತುಕೊಂಡು ಬಸ್ಸು ಹತ್ತಿದೆವು.

ಸುಮ್ಮನಿದ್ದಿದ್ದರೆ ಎಲ್ಲಾ ಸರಿ ಹೋಗುತ್ತಿತ್ತು. ‘ಆಯ್ತು, ಉಕ್ತು’ ಅಂತ ಎರಡು ಮಾತು ಸಾಕಿತ್ತು. ಆದರೆ ಅತ್ತೆ ನಡುಮನೆಯಲ್ಲಿ ಕಾಲು ಚಾಚಿಕೊಂಡು ವಿಚಾರಣೆ ಶುರು ಮಾಡಿದರು.

‘ಎಲ್ಲಿ ಉಕ್ತು?’

‘ಜಗಲಿ ಮೇಲೆ ಕಣವ್ವ’ ಅಂದರು ಇವರು.

‘ಹೊಸಲಿಂದ ಒಳಕ್ಕೋ ಆಚೀಕೋ?’

‘ಆಚೆ.’

‘ಯಾವ ಕಡೀಕೆ ಹರೀತು?’

‘ಬೀದಿ ಕಡೀಕೆ.’

‘ಸರಿ ಬುಡು. ಬೀದಿಗೆ ಹಾಲುಕ್ಕಿಸ್ಬಿಟ್ಟು ಬಂದವ್ರೆ ಗಂಡ ಹೆಂಡ್ತಿ’ ಅಂದರು ಅತ್ತೆ. ಹೊಸಲಾಚೆ ಉಕ್ಕಿದ ಹಾಲು ಲೆಕ್ಕಕ್ಕಿಲ್ಲ, ಮನೆ ಸೇರಿದ ಹಾಗಾಗಲಿಲ್ಲ, ಆದ್ದರಿಂದ ಆಷಾಢ ಕಳೆಯುವವರೆಗೆ ಈ ಮನೆಯಿಂದ ಒಂದು ಚಮಚವೂ ಆಚೆ ಹೋಗುವ ಹಾಗಿಲ್ಲ. ಅದೇ ತೀರ್ಪು.

ಆ ಸಾಮಾನು ಯಾರದ್ದು ಅಂತೀರಿ? ನಮ್ಮಪ್ಪ ಮದುವೆಗೆ ಕೊಟ್ಟಿದ್ದು. ಕನ್ನಡಿ ಇರುವ ಬೀರು, ತೇಗದ ಮಂಚ, ಹಾಸಿಗೆ, ಗ್ರೈಂಡರು, ಎರಡು ಕುಕ್ಕರು, ಹಿತ್ತಾಳೆ ಹಂಡೆ. ಎರಡು ವರ್ಷದಿಂದ ಬೀರುವಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಬಂದವರು ನೋಡಲಿ ಅಂತ ನಡುಮನೆಯಲ್ಲಿ ನಿಲ್ಲಿಸಿದ್ದರು. ಒಳಗೆ ಬಟ್ಟೆ ಇಟ್ಟರೆ ಹಳೆಯದಾಗುತ್ತದೆ ಅಂತ ಇಡಲು ಬಿಡುತ್ತಿರಲಿಲ್ಲ.

‘ಡ್ಯೂಟಿಗೆ ಹೋಗ್ಬೇಕು ಅಂದ್ರೆ ಹೋಗವ್ವ, ನಾನೇನು ಬ್ಯಾಡ ಅನ್ನಲ್ಲ’ ಅಂದರು ನನಗೆ. ‘ಛತ್ರದಲ್ಲಿ ಇದ್ದಂಗೆ ಇರು. ಒಲೆ ಮಾತ್ರ ಹಚ್ಬೇಡ. ಹಚ್ಚಿದ್ರೆ ಆಷಾಢದಲ್ಲಿ ಮನೆ ಸೇರ್ದಂಗೆ. ಶ್ರಾವಣಕ್ಕೆ ನಾನೇ ಸಾಮಾನು ಹೇರ್ಕೊಂಡು ಬತ್ತೀನಿ.’ ಅದೇ ದಿನ ಹಿತ್ತಲಲ್ಲಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ‘ಎಂಟು ದಿನ ಕಣೆ. ಬೀರು ಮಂಚ ಎಲ್ಲಾ ಇಲ್ಲೇ ಇರೋವಾಗ ಅವಳೆಲ್ಲಿಗೆ ಹೋದಾಳು. ಕೆಲಸ ಬುಟ್ಟು ಬತ್ತಾಳೆ.’

ಯಜಮಾನರಿಗೂ ಇದು ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬ್ಯಾಗು ಕೈಗೆ ಕೊಡುತ್ತಾ, ‘ಆಗ್ಲಿಲ್ಲ ಅಂದ್ರೆ ಬಂದ್ಬಿಡು ಗಿರಿಜಾ. ನಿನ್ ಸಂಬಳದಿಂದ್ಲೇ ಆಗ್ಬೇಕು ಅಂತ ಏನಿಲ್ವಲ್ಲ’ ಅಂದರು. ಓದಿ, ಪರೀಕ್ಷೆ ಬರೆದು, ಮೂರು ವರ್ಷ ಕಾದು ತಗೊಂಡ ಕೆಲಸವನ್ನು ಒಂದು ಬೀರುವಿಗೆ ಕಟ್ಟಿಹಾಕಿದ್ದರು ತಾಯಿ ಮಗ. ಬಸ್ಸಿನಲ್ಲಿ ಕೂತಾಗ ನಿಶ್ಚಯ ಮಾಡಿದೆ, ನೆಲ ನೆಕ್ಕಿಕೊಂಡಾದರೂ ಸರಿ ಈ ತಿಂಗಳು ಕಳೆಯಬೇಕು ಅಂತ.

ನನ್ನ ಹತ್ತಿರ ಇದ್ದದ್ದು ಒಂದು ಬ್ಯಾಗು. ಮೂರು ಸೀರೆ, ಒಂದು ಬೆಡ್‌ಶೀಟು, ಎರಡು ಡಬ್ಬಿಯ ಟಿಫಿನ್ ಕ್ಯಾರಿಯರು, ಆರ್ಡರಿನ ಕಾಪಿ. ಚಿಕ್ಕತಾಯಮ್ಮ ಮುಂದಿನ ಮನೆಯವರು, ಹೆಡತಲೆ ಕಡೆಯಿಂದ ಬಂದು ಇಲ್ಲಿ ಎರಡು ಮನೆ ಕಟ್ಟಿಸಿದ ಹೆಂಗಸು. ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಹಿಂದೆ ನೋಡಿದರು.

‘ಟೆಂಪೋ ಇಂದ್ಗಡೆ ಬತ್ತಾ ಅದಾ ಟೀಚ್ರೇ?’

‘ಇಲ್ಲಮ್ಮ, ಇಷ್ಟೇ.’

‘ಇಷ್ಟೇಯಾ? ನಿಮ್ಮೆಜಮಾನ್ರು?’

‘ನರಸೀಪುರದಲ್ಲಿದ್ದಾರೆ.’

‘ಸಾಮಾನು?’

‘ಅದೂ ಅಲ್ಲೇ.’

‘ಗಂಡನೂ ಅಲ್ಲೇ, ಸಾಮಾನೂ ಅಲ್ಲೇ’ ಅಂತ ತಲೆ ಆಡಿಸಿದರು. ‘ನೋಡವ್ವ, ಸಂಸಾರಸ್ತರ್ಗೆ ಮಾತ್ರ ಅಂತ ಬೋರ್ಡು ಬರ್ಸಿವ್ನಿ ನಾನು. ಆಸಾಡ ಕಳೀಲಿ. ಆಗ್ಲೂ ಸಾಮಾನು ಬರ್ಲಿಲ್ಲ ಅಂದ್ರೆ ಮನೆ ಬೇರೆಯೋರ್ಗೆ ಕೊಡ್ತೀನಿ, ಬೇಜಾರು ಮಾಡ್ಕೋಬ್ಯಾಡಿ.’ ಮನುಷ್ಯರನ್ನು ಮಂಚದಿಂದ ಅಳೆಯುವವರು ನರಸೀಪುರದಲ್ಲಿ ಮಾತ್ರ ಇಲ್ಲ ಅಂತ ಆಗ ತಿಳಿಯಿತು.

ಬಾಗಿಲು ತೆಗೆದರೆ ಖಾಲಿ ಮನೆಯ ಆ ವಾಸನೆ. ಹಳೆ ಬಾಡಿಗೆಯವರು ಹೋಗುವಾಗ ಬಲ್ಬು ಬಿಚ್ಚಿಕೊಂಡಿದ್ದರು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಕೊಂಡಿದ್ದರು. ಗೋಡೆಯ ಮೊಳೆಗಳನ್ನು ಕೂಡ ಕಿತ್ತುಕೊಂಡು ಹೋಗಿದ್ದರು, ಜಾಗ ಜಾಗದಲ್ಲಿ ಗಾರೆ ಉದುರಿತ್ತು. ಅಡಿಗೆಮನೆ ಮೂಲೆಯಲ್ಲಿ ಗಾಜು ಒಡೆದ ಮೂರು ದೇವರ ಫೋಟೋ ಮತ್ತೆ ಒಂದು ಮೊಂಡು ಪೊರಕೆ ಮಾತ್ರ ಬಿಟ್ಟಿದ್ದರು. ಪೊರಕೆ ಹೊಸ ಮನೆಗೆ ಒಯ್ಯಬಾರದಂತೆ, ಒಡೆದ ದೇವರನ್ನೂ ಒಯ್ಯಬಾರದಂತೆ. ಶಾಸ್ತ್ರ ಚೆನ್ನಾಗಿ ತಿಳಿದ ಜನ, ಅನುಮಾನವಿಲ್ಲ.

ಅವತ್ತು ಬೆಳಕಿರುವಾಗಲೇ ಓಡಿಹೋಗಿ ತಂದದ್ದು ಬಲ್ಬು, ಬೀಗ, ಬಕೆಟ್ಟು, ಪೊರಕೆ, ಬೆಂಕಿಪೊಟ್ಟಣ. ಮಗ್ಗು ಮರೆತೆ. ಮರುದಿನ ಬೆಳಗ್ಗೆ ಟಿಫಿನ್ ಡಬ್ಬಿಯಿಂದ ನೀರು ಎರೆದುಕೊಂಡು ಸ್ನಾನ ಮಾಡಿ, ಅದೇ ಡಬ್ಬಿ ತೊಳೆದು ಅದರಲ್ಲೇ ಅವಲಕ್ಕಿ ನೆನೆಸಿ ತಿಂದೆ. ಒಂದು ಹಗ್ಗ ಎಷ್ಟು ದೊಡ್ಡ ವಸ್ತು ಅನ್ನುವುದು ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡು ಖಾಲಿ ಮನೆಯ ನಡುವೆ ನಿಂತವರಿಗೆ ಗೊತ್ತು. ಕಿಟಕಿಗೆ ಪರದೆ ಇರಲಿಲ್ಲ. ಆಷಾಢದ ಗಾಳಿಗೆ ಬಾಗಿಲುಗಳು ಪಟಾರ್ ಪಟಾರ್ ಅಂತ ಬಡಿದುಕೊಳ್ಳುತ್ತಿದ್ದವು. ಬೀದಿಯ ಹೆಂಗಸರು ನೀರು ಹಿಡಿಯುವ ನೆಪದಲ್ಲಿ ಬಂದು ಇಣುಕಿ, ನೋಡಲು ಏನೂ ಇಲ್ಲದ್ದು ನೋಡಿ ನಿರಾಸೆಯಿಂದ ಹೋಗುತ್ತಿದ್ದರು. ಕಿಟಕಿಗೆ ಹಳೆ ಪೇಪರ್ ಅಂಟಿಸಿದೆ. ಉಳಿದ ಪೇಪರ್ ನೆಲಕ್ಕೆ ಹಾಸಿ ಅದರ ಮೇಲೆ ಬೆಡ್‌ಶೀಟು ಹಾಕಿ ಮಲಗಿದೆ. ಸಿಮೆಂಟಿನ ಥಂಡಿ ಬೆನ್ನಿಗೆ ಹತ್ತಿ ಎರಡು ದಿನ ಕತ್ತು ತಿರುಗಿಸಲಾಗಲಿಲ್ಲ.

ಶಾಲೆಯಲ್ಲಿ ವಿಷಯ ತಿಳಿದು ಒಬ್ಬೊಬ್ಬರದು ಒಂದೊಂದು ಸಲಹೆ. ಮೊದಲು ಟೀವಿ ತಗೊಳ್ಳಿ, ಒಬ್ಬರೇ ಇರ್ತೀರಲ್ಲ ಅಂದರು ಒಬ್ಬ ಮೇಡಂ. ದೇವರ ಮಂಟಪ ಮೊದಲು ಅಂದರು ಇನ್ನೊಬ್ಬರು. ಫ್ರಿಜ್ಜಿಲ್ಲದೆ ಹೇಗಿರ್ತೀರಿ ಅಂತ ಮತ್ತೊಬ್ಬರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಒಬ್ಬರಾದರೂ, ನಮ್ಮನೇಲಿ ಒಂದು ಚಾಪೆ ಹೆಚ್ಚಾಗಿದೆ ತಗೊಂಡೋಗಿ ಅನ್ನಲಿಲ್ಲ. ಸಲಹೆ ಹೊರಲು ಹಗುರ ನೋಡಿ.

ಒಲೆ ಹಚ್ಚಬೇಡ ಅಂದಿದ್ದರಲ್ಲ, ಆ ಮಾತನ್ನು ನಾನು ಒಂದು ದಿನ ಪಾಲಿಸಿದೆ. ಅದಕ್ಕೂ ನಾಚಿಕೆಯಾಗುತ್ತದೆ ಈಗ. ಓದಿದವಳು, ನಾಳೆಯಿಂದ ಮಕ್ಕಳಿಗೆ ಪಾಠ ಹೇಳುವವಳು, ಬನ್ನು ಬಾಳೆಹಣ್ಣು ತಿಂದುಕೊಂಡು ಅತ್ತೆಯ ಮಾತಿಗೆ ಹೆದರಿ ಕೂತಿದ್ದೆ. ಎರಡನೇ ದಿನ ಬೆಳಗ್ಗೆ ತುಂತುರು ಮಳೆ, ಕತ್ತು ನೋವು, ಕಾಫಿ ಇಲ್ಲದೆ ತಲೆ ಸಿಡಿಯುತ್ತಿತ್ತು. ಮೆಟ್ಟಿಲ ಕೆಳಗಿಂದ ಒಲೆಯನ್ನೂ ಆ ಪುಟ್ಟ ಪಾತ್ರೆಯನ್ನೂ ತಂದು ಹಚ್ಚಿದೆ. ಅರ್ಧ ಲೀಟರ್ ಪ್ಯಾಕೆಟ್ಟು ಪೂರ್ತಿ ಸುರಿದು ಆ ಕಡೆ ತಲೆ ಬಾಚಿಕೊಳ್ಳಲು ತಿರುಗಿದೆ. ಹಾಲು ಉಕ್ಕಿತು. ಒಲೆಯ ಮೇಲೆ, ಕಟ್ಟೆಯ ಮೇಲೆ, ಕೆಳಗೆ ನೆಲದ ಮೇಲೆ. ಒರೆಸಲು ಒಂದು ಚಿಂದಿ ಬಟ್ಟೆ ಇಲ್ಲ. ಸೀರೆಯ ಸೆರಗಿನಲ್ಲೇ ಒರೆಸಿ, ಸೀದ ಹಾಲಿನ ವಾಸನೆ ಹೊತ್ತುಕೊಂಡು ಅಳುತ್ತಾ ಬಸ್ಸಿಗೆ ಓಡಿದೆ. ಅತ್ತದ್ದು ಶಾಸ್ತ್ರ ತಪ್ಪಿತು ಅಂತ ಅಲ್ಲ. ಕಾಫಿಗೆ ಹಾಲು ಉಳಿಯಲಿಲ್ಲ ಅಂತ.

ಸಂಜೆ ಬಂದಾಗ ಚಿಕ್ಕತಾಯಮ್ಮ ಜಗಲಿಯಲ್ಲಿ ಕೂತಿದ್ದರು. ‘ಬೆಳಗ್ಗೆ ಆಲು ಸೀದ ವಾಸ್ನೆ ಬತ್ತಿತ್ತಲ್ಲ’ ಅಂದರು. ನಾನು ಬೀಗ ತೆಗೆದು ಒಳಗೆ ಹೋದೆ. ಅವರೂ ಮತ್ತೆ ಕೇಳಲಿಲ್ಲ. ಆಮೇಲೆ ಹಾಲು ಉಕ್ಕುವುದು ದಿನದ ಕೆಲಸವಾಯಿತು. ಆ ಪಾತ್ರೆಯೇ ಹಾಗೆ, ಉಕ್ಕಲಿ ಅಂತಲೇ ಆರಿಸಿ ಕೊಟ್ಟದ್ದು. ಅದರಲ್ಲೇ ಅನ್ನ, ಅದರಲ್ಲೇ ಸಾರು, ಅದರಲ್ಲೇ ಮುಖ ತೊಳೆಯಲು ಬಿಸಿನೀರು. ಇನ್ನೊಂದು ಪಾತ್ರೆ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಎರಡು ಕುಕ್ಕರು, ಹಂಡೆ, ಇಪ್ಪತ್ತು ಪಾತ್ರೆ ನಮ್ಮಪ್ಪ ಕೊಟ್ಟು ಅಲ್ಲಿ ಧೂಳು ಹಿಡಿಯುತ್ತಿರುವಾಗ ಇನ್ನೊಂದು ಕೊಳ್ಳುವುದು ಸೋತ ಹಾಗೆ ಅನ್ನಿಸುತ್ತಿತ್ತು. ನನ್ನ ಹಟವೂ ಏನು ಕಡಿಮೆ ಮೂರ್ಖತನವಲ್ಲ.

ಮೊದಲನೇ ಭಾನುವಾರ ಯಜಮಾನರು ಬಂದರು. ಹೊಸ ಮನೆಯಲ್ಲಿ ಹೆಂಡತಿಗೆ ಏನು ಬೇಕಾಗಿರಬಹುದು ಅಂತ ಬಸ್ಸಿನುದ್ದಕ್ಕೂ ಯೋಚನೆ ಮಾಡಿದರಂತೆ. ತಂದದ್ದು ಗೋಡೆ ಗಡಿಯಾರ. ಕಳೆನಾಶಕದ ಕಂಪನಿಯವರು ಅಂಗಡಿಗೆ ಪುಕ್ಕಟೆ ಕೊಟ್ಟದ್ದು, ಮುಳ್ಳಿನ ಹಿಂದೆ ಸತ್ತ ಹುಲ್ಲಿನ ಚಿತ್ರ. ತೂಗುಹಾಕಲು ಮೊಳೆ ಇಲ್ಲ. ಗೋಡೆಗೆ ಒರಗಿಸಿ ನೆಲದ ಮೇಲೆ ಇಟ್ಟರು. ಆ ತಿಂಗಳೆಲ್ಲಾ ಟೈಮು ನೋಡಬೇಕಾದರೆ ಬಗ್ಗಿ ನೋಡುತ್ತಿದ್ದೆ.

‘ಎಲ್ಲಿ ಕೂತ್ಕೊಳ್ಲಿ?’ ಅಂದರು ಸುತ್ತ ನೋಡಿ.

‘ನಾನೆಲ್ಲಿ ಕೂತ್ಕೋತೀನೋ ಅಲ್ಲೇ’ ಅಂದೆ. ನೆಲ ಥಂಡಿ, ಪ್ಯಾಂಟು ಹೊಸದು. ಹೋಗಿ ಹೊಸಲ ಮೇಲೆ ಕೂತರು. ಹೊಸಲ ಮೇಲೆ ಕೂತರೆ ಮನೆಗೆ ದರಿದ್ರ ಅಂತ ಚಿಕ್ಕತಾಯಮ್ಮ ಆಚೆಯಿಂದ, ‘ಏಳಿ ಸಾ ಮೇಲೆ, ಒಳಗಾದ್ರೂ ಓಗಿ, ಈಚ್ಗಾದ್ರೂ ಬನ್ನಿ’ ಅಂತ ಗದರಿದರು. ಎದ್ದು ನಿಂತೇ ಕಾಫಿ ಕುಡಿದರು. ಆ ಕಾಫಿ ಎಲ್ಲಿಂದ ಬಂತು, ಒಲೆ ಹಚ್ಚಿದೆಯಾ ಅಂತ ಕೇಳಲಿಲ್ಲ. ಗೊತ್ತಾದರೆ ಅವ್ವನಿಗೆ ಹೇಳಬೇಕಾಗುತ್ತದಲ್ಲ. ನಾನು ಅವರ ಬ್ಯಾಗು ನೋಡಿದೆ. ಒಂದು ರಾತ್ರಿ ಉಳಿಯುವ ಗಂಡಸು ಶೇವಿಂಗ್ ಸೆಟ್ ತರುತ್ತಾನೆ. ಬ್ಯಾಗಿನಲ್ಲಿ ಅದಿರಲಿಲ್ಲ. ಸಂಜೆ ಬಸ್ಸಿಗೆ ಹೋದರು. ಮುಂದಿನ ಮೂರು ಭಾನುವಾರವೂ ಅಷ್ಟೇ, ಪ್ರತಿ ಸಲ ನಾನು ಬ್ಯಾಗು ನೋಡುವುದು, ಅದರಲ್ಲಿ ಅದಿಲ್ಲದಿರುವುದು. ಎಂಟು ದಿನ ಅಂದಿದ್ದರಲ್ಲ ಅತ್ತೆ, ಎಂಟು ಹದಿನೈದಾಯಿತು, ಹದಿನೈದು ಇಪ್ಪತ್ತಾಯಿತು. ಕಬಿನಿ ಡ್ಯಾಮಿನಲ್ಲಿ ನೀರು ಬಿಟ್ಟು ಊರ ಹೊಳೆ ಕಪಿಲೆ ಸೋಪಾನದ ಮೆಟ್ಟಿಲವರೆಗೆ ಏರಿ ಇಳಿಯಿತು. ಭೀಮನ ಅಮಾವಾಸ್ಯೆಗೆ ಗಂಡನ ಪಾದಪೂಜೆಗೆ ಬಾ ಅಂತ ಅತ್ತೆ ಫೋನ್ ಮಾಡಿದರು. ರಜೆ ಇಲ್ಲ ಅಂದೆ. ರಜೆ ಇತ್ತು. ಪೂಜೆ ಮಾಡುವಷ್ಟು ದೂರ ಆ ಪಾದಗಳು ಇನ್ನೂ ನಡೆದಿರಲಿಲ್ಲ.

ಶ್ರಾವಣ ಹುಟ್ಟಿದ ಮೊದಲನೇ ಸೋಮವಾರ ಬೆಳಗ್ಗೆ ಟೆಂಪೋ ಬಂತು. ನಿಜ ಹೇಳುತ್ತೇನೆ, ಅದರ ಮೇಲೆ ಕಟ್ಟಿದ್ದ ಬೀರು ಬೀದಿ ತಿರುವಿನಲ್ಲಿ ಕಂಡಾಗ ಬರಿಗಾಲಲ್ಲೇ ಬೀದಿಗೆ ಓಡಿದೆ. ಅಷ್ಟು ದಿನ ಆ ಸಾಮಾನನ್ನು ಬೈದುಕೊಂಡಿದ್ದವಳು, ಹಿತ್ತಾಳೆ ಹಂಡೆ ಬಿಸಿಲಿಗೆ ಹೊಳೆದಾಗ ಕಣ್ಣೊರೆಸಿಕೊಂಡೆ. ಚಿಕ್ಕತಾಯಮ್ಮ ಆಚೆ ಬಂದು ಒಂದೊಂದೇ ಎಣಿಸಿ, ‘ಬೋ ಚೆನ್ನಾಗವೆ’ ಅಂದರು. ಅವರ ಕಣ್ಣಲ್ಲಿ ನಾನು ಆಗಲೇ ಸಂಸಾರಸ್ಥಳಾಗಿಬಿಟ್ಟಿದ್ದೆ.

ಅತ್ತೆ ಮುಂದಿನ ಸೀಟಿನಿಂದ ಇಳಿದರು. ಕೈಯಲ್ಲಿ ಹಾಲಿನ ತಂಬಿಗೆ. ಹಿಂದಿನಿಂದ ಯಜಮಾನರು ಇಳಿದರು. ‘ಮೊದ್ಲು ಒಳಗೆ ಹಾಲುಕ್ಲಿ, ಆಮೇಲೆ ಬೀರು ಇಳ್ಸಿ’ ಅಂತ ಅತ್ತೆ ಡ್ರೈವರಿಗೆ ಹೇಳಿ, ನನ್ನ ಕಡೆ ತಿರುಗಿದರು. ‘ಒಲೆ ಹಚ್ಲಿಲ್ಲ ತಾನೇ?’

ನಾನು ಬಾಯಿ ತೆಗೆಯುವ ಮುಂಚೆ ಚಿಕ್ಕತಾಯಮ್ಮ ನಡುವೆ ಬಂದರು. ‘ಎಲ್ಲೀ ಒಲೆ ಬುಡವ್ವ, ಪಾಪ ಬನ್ನು ತಿನ್ಕೊಂಡು ಕಾಲ ಆಕವ್ರೆ.’ ತಿಂಗಳೆಲ್ಲಾ ಸೀದ ಹಾಲಿನ ವಾಸನೆ ಕುಡಿದ ಹೆಂಗಸು ಕಣ್ಣು ಮಿಟುಕಿಸದೆ ಸುಳ್ಳು ಹೇಳಿತು. ಬೀರು ಇಳಿಯಲಿ ಅನ್ನುವುದೊಂದೇ ಅವರ ಚಿಂತೆ. ನಾನೂ ತಲೆ ಆಡಿಸಿದ್ದರೆ ಮುಗಿದಿತ್ತು. ಮನೆ ಉಳಿಯುತ್ತಿತ್ತು, ಮಂಚ ಸಿಗುತ್ತಿತ್ತು. ತಲೆ ಆಡಿಸಲು ಹೊರಟಿದ್ದೆ ಕೂಡ.

ಅಷ್ಟರಲ್ಲಿ ಅತ್ತೆ ನನ್ನ ಕೆನ್ನೆ ತಟ್ಟಿ, ‘ನೋಡ್ದಾ, ನನ್ ಮಾತು ಕೇಳಿದ್ದಕ್ಕೆ ಒಂದು ತಿಂಗಳು ಸುಖವಾಗಿದ್ದೆ. ಎಲ್ಲಾ ನನ್ ಶಾಸ್ತ್ರ ಕಾಯ್ತು’ ಅಂದರು.

ಸುಖವಾಗಿದ್ದೆ! ಥಂಡಿ ನೆಲ, ಕತ್ತುನೋವು, ಡಬ್ಬಿ ಸ್ನಾನ, ಬಗ್ಗಿ ನೋಡಿದ ಗಡಿಯಾರ, ಅಷ್ಟನ್ನೂ ನಾನು ಕಳೆದೆ. ಅದರ ಹೆಸರು ಅವರು ತಗೊಂಡು ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

‘ಒಲೆ ಎರಡನೇ ದಿನವೇ ಹಚ್ಚಿದೆ ಅತ್ತೆ’ ಅಂದೆ. ‘ಹಾಲೂ ಉಕ್ಕಿದೆ. ಹೊಸಲಿಂದ ಒಳಗೇ ಉಕ್ಕಿದೆ. ತಿಂಗಳು ಪೂರ್ತಿ ದಿನಾ ಉಕ್ಕಿದೆ. ನೀವು ಕೊಟ್ಟ ಪಾತ್ರೇಲೇ.’

ಅತ್ತೆ ಹಾಲಿನ ತಂಬಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ ಮೆಲ್ಲಗೆ, ‘ಆಷಾಢದಲ್ಲಿ ಹಾಲುಕ್ಕಿದ ಮನೆಗೆ ನನ್ ಸಾಮಾನು ಇಳ್ಸಲ್ಲ ನಾನು’ ಅಂದರು. ನನ್ನ ಸಾಮಾನು ಅಂದರು. ‘ದರಿದ್ರ ಹಿಡಿದ ಮನೆ. ಮಾದೇವ, ಟೆಂಪೋ ತಿರುಗ್ಸಕ್ಕೆ ಹೇಳೋ.’

ಚಿಕ್ಕತಾಯಮ್ಮನಿಗೆ ಅಲ್ಲಿಯವರೆಗೆ ನನ್ನ ಮೇಲೆ ಕೋಪ ಬಂದಿತ್ತು, ಕೈಗೆ ಬಂದ ಬೀರುವನ್ನು ಕಳೆದೆನಲ್ಲ ಅಂತ. ಈ ಮಾತು ಕೇಳಿದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಯಾರ್ ಮನೆಗೆ ದರಿದ್ರ ಅಂತೀರಿ? ಸಾಲ ಸೋಲ ಇಲ್ದೆ ಕಟ್ಸಿದ ಮನೆ ಕಣ್ರೀ ಇದು. ಒಸ್ಲಿಗೆ ದಿನಾ ಅರಿಸ್ನ ಬಳೀತೀನಿ. ತಗೊಂಡೋಗ್ರಿ ನಿಮ್ ಬೀರೂವ. ನಮ್ ಮನೆಗೆ ಅದ್ರಿಂದ ಏನೂ ಆಗ್ಬೇಕಾಗಿಲ್ಲ!’ ನನ್ನ ಪರವಾಗಿ ಅಲ್ಲ, ತಮ್ಮ ಹೊಸಲಿನ ಪರವಾಗಿ. ಆದರೂ ಅವತ್ತು ಆ ಬೀದಿಯಲ್ಲಿ ನನ್ನ ಪಕ್ಕ ನಿಂತವರು ಅವರೊಬ್ಬರೇ.

ಟೆಂಪೋ ತಿರುಗಿತು. ಯಜಮಾನರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ಬೀರುವನ್ನು ನೋಡಿದರು. ‘ಅಲ್ಲಿ ಇಳ್ಸೋಕೆ ಜನ ಬೇಕಲ್ಲ ಗಿರಿಜಾ. ಇಳ್ಸಿ ಬತ್ತೀನಿ’ ಅಂತ ಹಿಂದೆ ಹತ್ತಿ ಹಂಡೆಯ ಪಕ್ಕ ಕೂತರು. ಗಂಡನನ್ನೂ ಸಾಮಾನನ್ನೂ ಒಟ್ಟಿಗೆ ಕಳಿಸಿಕೊಟ್ಟು ನಾನು ಜಗಲಿಯ ಮೇಲೆ ನಿಂತಿದ್ದೆ. ಥೂ ಅನ್ನಿಸಿತು. ಅವರ ಮೇಲೆ ಅನ್ನಿಸಿತು, ಅವರಿಗಾಗಿ ನಾಲ್ಕು ಭಾನುವಾರ ಬ್ಯಾಗು ನೋಡಿದ ನನ್ನ ಮೇಲೂ ಅನ್ನಿಸಿತು.

ಚಿಕ್ಕತಾಯಮ್ಮ ಮನೆ ಖಾಲಿ ಮಾಡು ಅನ್ನುತ್ತಾರೆ ಅಂತ ಕಾದೆ. ಅವರು ಟೆಂಪೋ ಹೋದ ದಿಕ್ಕಿಗೆ ಒಂದು ಸಲ ಉಗಿದು, ‘ಇಷ್ಟು ದಿನ ನಿನ್ ಬಾಗ್ಲಿಗೂ ನಾನೇ ರಂಗೋಲಿ ಬುಡ್ತಿದ್ದೆ. ನಾಳೆಯಿಂದ ನೀನೇ ಬುಟ್ಕೊ. ರಂಗೋಲಿ ಪುಡಿ ಇಲ್ದಿದ್ರೆ ಬಂದು ಇಸ್ಕೊಂಡೋಗು’ ಅಂದರು. ‘ಟೀಚ್ರೇ’ ಅಲ್ಲ, ‘ನೀನು’. ಆ ಮನೆ ನನಗೆ ಸಿಕ್ಕಿದ್ದು ಹಾಗೆ.

ಅವತ್ತೇ ಪೇಟೆಗೆ ಹೋಗಿ ದೊಡ್ಡದೊಂದು ಹಾಲಿನ ಪಾತ್ರೆ ಕೊಂಡೆ. ಹನ್ನೊಂದು ದಿನ ನರಸೀಪುರದಿಂದ ಫೋನಿಲ್ಲ. ನಾನೂ ಮಾಡಲಿಲ್ಲ. ದಿನಾ ಬಾಗಿಲಿಗೆ ರಂಗೋಲಿ ಬಿಟ್ಟು, ಬೀಗ ಹಾಕಿ, ಬಸ್ಸಿಗೆ ಹೋಗುತ್ತಿದ್ದೆ.

ಹನ್ನೆರಡನೇ ದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಂದು ಬಟ್ಟೆ ಒಣಗಿಸುತ್ತಿದ್ದೆ. ಬೀದಿಯಲ್ಲಿ ಯಾರೋ ತಲೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಬರುತ್ತಿದ್ದರು. ಕುರ್ಚಿಯ ಕಾಲುಗಳ ನಡುವೆ ಮುಖ ಕಾಣಲು ತಡವಾಯಿತು. ನಮ್ಮ ಯಜಮಾನರು. ನರಸೀಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಕಂಡಕ್ಟರ್ ಬೈದನಂತೆ.

ಒಂದೇ ಒಂದು ಕುರ್ಚಿ. ತಿಂಗಳ ಹಿಂದೆ ಕೂರಲು ಜಾಗ ಸಿಗಲಿಲ್ಲವಲ್ಲ, ಈ ಸಲ ತಮ್ಮ ಆಸನ ತಾವೇ ಹೊತ್ತುಕೊಂಡು ಬಂದಿದ್ದಾರೆ ಅಂದುಕೊಂಡೆ. ಬಾಯಿ ತುಂಬ ಮಾತು ಸಿದ್ಧವಾಗಿತ್ತು.

ಹೊಸಲು ದಾಟಿ ಒಳಗೆ ಬಂದು ಕುರ್ಚಿಯನ್ನು ಖಾಲಿ ಮನೆಯ ಸರಿ ನಡುವೆ ಇಟ್ಟರು. ಕರ್ಚೀಫಿನಿಂದ ಧೂಳು ಒರೆಸಿದರು. ‘ಕೂತ್ಕೊ’ ಅಂದರು.

‘ನೀವು?’ ಅಂದೆ.

ಅವರು ಆ ಥಂಡಿ ನೆಲದ ಮೇಲೆ, ಹೊಸ ಪ್ಯಾಂಟಿನಲ್ಲಿ, ಗಡಿಯಾರದ ಪಕ್ಕ ಗೋಡೆಗೆ ಒರಗಿ ಕಾಲು ಮಡಚಿ ಕೂತರು. ಆಮೇಲೆ ಮೊಳೆ ಹುಡುಕುವವರ ಹಾಗೆ ಗೋಡೆ ನೋಡುತ್ತಾ, ‘ಅವ್ವನ್ನ ಕೇಳ್ಲಿಲ್ಲ’ ಅಂದರು. ‘ಇಲ್ಲಿಂದ್ಲೇ ಬೆಳಗ್ಗೆ ಅಂಗಡಿಗೆ ಹೋಗ್ಬರ್ತೀನಿ ಅಂತ ಹೇಳ್ಬಿಟ್ಟು ಬಂದೆ.’

ನಾನು ಕೂತೆ. ನಲವತ್ತು ದಿನದ ಮೇಲೆ ಆ ಮನೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಬೆನ್ನಿಗೆ ಆಸರೆ ಕೊಟ್ಟು ಕೂತದ್ದು ಅವತ್ತು. ಬೆನ್ನು ನೆಟ್ಟಗಾಗುತ್ತಿದ್ದ ಹಾಗೆ ಎಲ್ಲಿತ್ತೋ ಅಳು ಬಂತು. ಒಂದು ಕುರ್ಚಿಗೆ ಯಾರಾದರೂ ಅಳುತ್ತಾರೆಯೇ ಅಂತ ನನಗೇ ನನ್ನ ಮೇಲೆ ತಾತ್ಸಾರ ಬಂದರೂ ನಿಲ್ಲಲಿಲ್ಲ. ಅವರು ಗಾಬರಿಯಾಗಿ ಕಣ್ಣೊರೆಸಲು ಏನಾದರೂ ಬಟ್ಟೆ ಕೊಡೋಣ ಅಂತ ತಮ್ಮ ಬ್ಯಾಗಿನ ಜಿಪ್ಪು ಎಳೆದರು. ನಾನು ಅಭ್ಯಾಸಬಲದಿಂದ ಬಗ್ಗಿ ಒಳಗೆ ನೋಡಿದೆ. ಟವೆಲ್ಲಿನ ಮೇಲೆ ಶೇವಿಂಗ್ ಸೆಟ್ ಇತ್ತು.